ಹೆಲಿಕಾಪ್ಟರಿಗೆ ಹಾರಿಸಿದ ಭಂಡಾರ

ಕಳೆದ ತಿಂಗಳು ಮೂಡಲಗಿಯ ಒಂದು ಮದುವೆಗೆ ನನ್ನ ಶಾಮಿಯಾನಾ ಹಾಕಿಸಿ ನಿಂತಿದ್ದೆ. ಮೂಗಿಗೆ ಚಿಮಣಿ ಎಣ್ಣೆಯ ವಾಸನೆ ಬಡಿಯಿತು. ಅಡುಗೆಯವರು ಏನೋ ಹಚ್ಚಿದ್ದಾರೆ ಅಂದುಕೊಂಡೆ. ಅಲ್ಲ, ಮದುಮಗನನ್ನು ಹೊತ್ತು ತಂದ ಹೆಲಿಕಾಪ್ಟರಿನ ಹೊಗೆ. ಬೆಲ್ಲದ ವ್ಯಾಪಾರಿಯ ಮಗ. ಮನೆಯಿಂದ ಮಂಟಪಕ್ಕೆ ನಡೆದು ಬಂದರೆ ಹತ್ತು ನಿಮಿಷದ ದಾರಿ, ಅಷ್ಟಕ್ಕೆ ಮಹಾರಾಯ ಮುಗಿಲಿನಿಂದ ಇಳಿದ. ಇಂಥವರನ್ನು ನೋಡಿ ನಗುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಅವರಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಆದರೆ ಆ ವಾಸನೆ... ಆ ವಾಸನೆಗೆ ಪಾಯಲಟ್ ಸಾಹೇಬರು ನೆನಪಾದರು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಸಿನಿಮಾದವರು ಗೋಕಾಕ ಫಾಲ್ಸಿಗೆ ಬಂದು ಇಪ್ಪತ್ತು ದಿನ ಬೀಡುಬಿಟ್ಟಿದ್ದರು. ನಮ್ಮೂರು ಯಮಕನಮರಡಿಯಿಂದ ನನ್ನ ಶಾಮಿಯಾನಾ, ಕುರ್ಚಿ, ಜನರೇಟರು ಹೋದವು, ಜೊತೆಗೆ ನಾನೂ ಹೋದೆ. ಹೀರೋ ಎಂಬ ಪ್ರಾಣಿಯನ್ನು ಹತ್ತಿರದಿಂದ ನೋಡಿದ್ದು ಆಗಲೇ. ಬಿಸಿಲಿಗೆ ಛತ್ರಿ ಹಿಡಿಯಲು ಒಬ್ಬ, ಬೆವರು ಒರೆಸಲು ಒಬ್ಬ, ಚಪ್ಪಲಿ ಎತ್ತಿಡಲೂ ಒಬ್ಬ. ಅವನು ಹೆಲಿಕಾಪ್ಟರ್ ಹಾರಿಸುವ ದೃಶ್ಯಕ್ಕೆ ಫೈಬರಿನ ದೊಡ್ಡ ಡಬ್ಬಿಯೊಂದನ್ನು ತಂದು ಕಬ್ಬಿನ ಟ್ರಾಲಿಯ ಮೇಲೆ ಕೂರಿಸಿದರು. ಒಳಗೆ ಕೂತು ಅವನು ಹಲ್ಲು ಕಡಿದ, ಕೆಳಗೆ ನಿಂತು ನನ್ನ ನಾಲ್ಕು ಆಳುಗಳು ಟ್ರಾಲಿ ಅಲುಗಾಡಿಸಿದರು. ಅಷ್ಟಕ್ಕೇ ತಲೆ ಸುತ್ತುತ್ತದೆಂದು ಶೂರ ಮಧ್ಯಾಹ್ನದ ತನಕ ಮಲಗಿಬಿಟ್ಟ. ಮುಂದೆ ಸಿನಿಮಾ ಬಂದಾಗ, ಎಲ್ಲ ಸಾಹಸವನ್ನೂ ಸ್ವತಃ ತಾನೇ ಮಾಡಿದ್ದೆಂದು ಪೇಪರಿನಲ್ಲಿ ಹೇಳಿಕೊಂಡಿದ್ದ. ಅದನ್ನು ಓದಿ ನಮ್ಮ ಮಂದಿ ಅವನ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿದರು. ಟ್ರಾಲಿ ಅಲುಗಾಡಿಸಿದ ನಾಲ್ವರೂ ಆ ಹಾಲು ಸುರಿಯುವವರಲ್ಲಿ ಇದ್ದರು.

ಖರೆ ಹಾರಿಸುತ್ತಿದ್ದವರು ಪಾಯಲಟ್ ಸಾಹೇಬರು. ಮಿಲಿಟರಿಯಿಂದ ನಿವೃತ್ತರಾದ, ಐವತ್ತು ದಾಟಿದ ಸಣಕಲು ಮನುಷ್ಯ. ಬೆಂಗಳೂರು ಕಡೆಯ ಮಾತು. ಹೀರೋನ ಕೆಂಪು ಜಾಕೀಟು ತೊಟ್ಟು, ಅವನ ಕೂದಲಿನಂಥ ವಿಗ್ಗು ಹಾಕಿಕೊಂಡು ಹಾರುತ್ತಿದ್ದರು. ಇಳಿದ ಕೂಡಲೇ ವಿಗ್ಗು ಕಿತ್ತು ಜೇಬಿಗೆ ತುರುಕುತ್ತಿದ್ದರು.

ಮಿಲಿಟರಿ ಪಾಯಲಟ್ ಎಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಈ ಮನುಷ್ಯ ನೋಡಿದರೆ ದಿನಾ ಬೆಳಗ್ಗೆ ಗೋಣಿಚೀಲ ಹಿಡಿದು, ಹೆಲಿಕಾಪ್ಟರ್ ಇಳಿಯುವ ಹೊಲದಲ್ಲಿ ಕಸ ಆರಿಸುತ್ತಿದ್ದರು. ಕಬ್ಬು ಕಡಿದ ಹೊಲ, ಒಣಗಿದ ಸೋಗೆ, ರವದಿ ಎಲ್ಲೆಂದರಲ್ಲಿ. ಅದರ ಜೊತೆ ಚಹಾದ ಲೋಟ, ಗುಟ್ಕಾದ ಚೀಟಿ... ಒಂದನ್ನೂ ಬಿಡುತ್ತಿರಲಿಲ್ಲ. ಅದಾದ ಮೇಲೆ ನನ್ನ ಶಾಮಿಯಾನಾದ ಮೇಲೆ ಅವರ ಕಣ್ಣು. “ಮಾಲೀಕರೇ, ಬಟ್ಟೆ ಬಿಚ್ಚಿಸಿಬಿಡಿ. ಹಾರಿ ಫ್ಯಾನಿಗೆ ಸುತ್ತಿಕೊಂಡರೆ ನಾನೂ ಇರಲ್ಲ, ನೀವೂ ಇರಲ್ಲ” ಎನ್ನುತ್ತಿದ್ದರು. ದಿನಕ್ಕೆ ಎರಡು ಸಲ ಕಟ್ಟಬೇಕು, ಎರಡು ಸಲ ಬಿಚ್ಚಬೇಕು. ನೆರಳು ಹೋಯಿತೆಂದು ಹೀರೋ ನನ್ನ ಮೇಲೆ ಉರಿದುಬೀಳುತ್ತಿದ್ದ, ನಾನು ಸಾಹೇಬರ ಬೆನ್ನ ಹಿಂದೆ ಉರಿದುಬೀಳುತ್ತಿದ್ದೆ. ‘ಕಸದ ಪಾಯಲಟ್’ ಎಂಬ ಹೆಸರು ಇಡೀ ಶೂಟಿಂಗಿಗೆ ಹಬ್ಬಿತು. ಅದು ಮೊದಲು ಬಂದದ್ದು ನನ್ನ ಬಾಯಿಂದಲೇ, ಮುಚ್ಚಿಟ್ಟು ಏನಾಗಬೇಕಾಗಿದೆ.

ಕೊನೆಯ ದಿನದ್ದು ದೊಡ್ಡ ದೃಶ್ಯ. ಹೀರೋನ ಬದಲಿಗೆ ಒಬ್ಬ ಫೈಟರ್ ಹೆಲಿಕಾಪ್ಟರಿನ ಕೆಳಗೆ ಹಗ್ಗಕ್ಕೆ ಜೋತುಬಿದ್ದು ಫಾಲ್ಸಿನ ಕಮರಿ ದಾಟಿ ಬರಬೇಕು. ಸಾಹೇಬರು ಅವನನ್ನು ಹೊಲದಲ್ಲಿ ಇಳಿಸಿ, ಆಮೇಲೆ ತಾವೂ ಇಳಿಯಬೇಕು. ಬೆಳಗ್ಗೆ ಅವರು ನನ್ನನ್ನು ಬಾಜೂ ಕರೆದರು.

“ಮಾಲೀಕರೇ, ಇವತ್ತು ಜನ ಜಾಸ್ತಿ ಇದ್ದಾರೆ. ಗಾಳಿಗೆ ಏಳುವಂಥದ್ದು ಏನಾದರೂ ಇದೆಯಾ?”

“ಏನೂ ಇಲ್ರಿ ಸಾಹೇಬ್ರ. ಆರಾಮ ಬರ್ರಿ” ಎಂದೆ.

ಆ ಹೊತ್ತಿನಲ್ಲಿ ನನ್ನ ಜೀಪಿನೊಳಗೆ ಎರಡು ಚೀಲ ಭಂಡಾರ ಇತ್ತು. ನಾವು ಕುರಿ ಕಾಯ್ದ ಮನೆತನದವರು. ಹೊಸ ಟ್ರ್ಯಾಕ್ಟರ್ ಬರಲಿ, ರಾಶಿ ಮಾಡುವ ಮಷೀನು ಬರಲಿ, ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಾರಿಸದೆ ಊರೊಳಗೆ ಬಿಟ್ಟುಕೊಳ್ಳುವವರಲ್ಲ. ಮುಗಿಲಿನಿಂದ ಇಳಿಯುವ ಗಾಡಿಯನ್ನು ಕೊನೆಯ ದಿನವೂ ಹಾಗೇ ಬಿಡುವುದೇ? ಸಾಹೇಬರಿಗೆ ಸುಳ್ಳು ಹೇಳಿದೆ ಎಂದು ನನಗೆ ಅನಿಸಲೇ ಇಲ್ಲ. ಅವರು ಕೇಳಿದ್ದು ಕಸದ ಮಾತು. ಭಂಡಾರವನ್ನು ಕಸದ ಜೊತೆ ಯಾರು ಎಣಿಸುತ್ತಾರೆ?

ಹೆಲಿಕಾಪ್ಟರ್ ತಲೆಯ ಮೇಲೆ ಬಂದಾಗ ನಮ್ಮ ಮಂದಿ ಮೂವತ್ತು ಜನ ಒಮ್ಮೆಲೇ ಬೊಗಸೆ ಬೊಗಸೆ ಎಸೆದೆವು. ಮೊದಲ ಬೊಗಸೆ ನನ್ನದು. ಫ್ಯಾನಿನ ಗಾಳಿ ಆ ಪುಡಿಯನ್ನು ನೆಲಕ್ಕೆ ಬಡಿದು ಮತ್ತೆ ಮೇಲೆತ್ತಿತು. ಇಡೀ ಹೊಲ ಹಳದಿಯಾಯಿತು, ನಮ್ಮ ಕೈ ನಮಗೇ ಕಾಣಲಿಲ್ಲ. ಜೋತಾಡುತ್ತಿದ್ದ ಫೈಟರನ ಬೂಟುಗಳು ಒಮ್ಮೆ ನನ್ನ ತಲೆಯ ರುಮಾಲನ್ನು ಸವರಿಕೊಂಡು ಹೋದವು. ಒಂದು ಮಾರು ಕೆಳಗೆ ಬಂದಿದ್ದರೆ ಅವನು ನೆಲಕ್ಕೆ ಅಪ್ಪಳಿಸಿ ಸಾಯುತ್ತಿದ್ದ. ಸಾಹೇಬರು ಇಳಿಸಲಿಲ್ಲ. ಗಾಬರಿಬಿದ್ದು ಒಮ್ಮೆಲೇ ಮೇಲೆಳೆಯಲೂ ಇಲ್ಲ. ಏನೂ ಕಾಣದ ಆ ಹಳದಿಯೊಳಗಿಂದ ನೆಟ್ಟಗೆ, ನಿಧಾನವಾಗಿ ಮೇಲೆತ್ತಿದರು. ಹೊಳೆಯಾಚೆಯ ಬೀಳು ಹೊಲಕ್ಕೆ ಒಯ್ದು, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಅವನನ್ನು ಇಳಿಸಿದರು. ಅವನ ಮೈಮೇಲೆ ಒಂದು ಗೀರೂ ಆಗಲಿಲ್ಲ.

ಜೀವ ಉಳಿದದ್ದು ಯಾರಿಗೆ ಬೇಕಾಗಿತ್ತು, ದೃಶ್ಯ ಕೆಟ್ಟಿತ್ತಲ್ಲ. “ಹೆದರಿ ಓಡಿಹೋದ” ಎಂದು ಹೀರೋ ಕುರ್ಚಿಯಲ್ಲಿ ಕೂತೇ ನಕ್ಕ, ಟ್ರಾಲಿಯ ಶೂರ. ಡೈರೆಕ್ಟರ್ ನನ್ನನ್ನು ಕರೆಸಿ ಎಲ್ಲರೆದುರು ಕೇಳಿದ: “ಅರಿಶಿನ ಎಸೀತೀವಿ ಅಂತ ಪೈಲಟ್‌ಗೆ ಮೊದಲೇ ಹೇಳಿದ್ರಾ, ಇಲ್ವಾ?”

ಸುತ್ತಲೂ ನೂರಾರು ಅಭಿಮಾನಿಗಳು. ಅವರ ದೇವರ ದೃಶ್ಯ ಕೆಡಿಸಿದವನು ನಾನೆಂದು ತಿಳಿದರೆ ನನ್ನನ್ನು ನನ್ನ ಶಾಮಿಯಾನಾದಲ್ಲೇ ಸುತ್ತಿ ಬೆಂಕಿ ಹಚ್ಚುತ್ತಿದ್ದರು.

“ಹೇಳಿದ್ನಿರಿ” ಎಂದೆ.

ಸಾಹೇಬರು ಆಗಷ್ಟೇ ಹೊಳೆ ದಾಟಿ ಬಂದು ಅಲ್ಲೇ ನಿಂತಿದ್ದರು. ಹುಬ್ಬಿನ ಮೇಲೆಲ್ಲ ಅರಿಶಿನ. ನನ್ನನ್ನು ಒಮ್ಮೆ ನೋಡಿದರು. ಏನಾದರೂ ಅನ್ನುತ್ತಾರೆಂದು ಕಾದೆ... ಅನ್ನಲಿಲ್ಲ. ಗೊತ್ತಿದ್ದೂ ಒಬ್ಬನ ಪ್ರಾಣದ ಜೊತೆ ಆಟವಾಡಿದ ಪಾಯಲಟ್ ಎಂಬ ಹೆಸರು ಹೊತ್ತು ಅವತ್ತೇ ಹೊರಟುಹೋದರು. ಸಿನಿಮಾದವರ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ, ಮತ್ತೆ ಯಾರೂ ಅವರನ್ನು ಶೂಟಿಂಗಿಗೆ ಕರೆಯಲಿಲ್ಲವೆಂದು ಮುಂದೆ ತಿಳಿಯಿತು. ಆ ದೃಶ್ಯವನ್ನು ಟ್ರಾಲಿಯ ಮೇಲೆಯೇ ಮುಗಿಸಿದರು. ಗೋಕಾಕದ ಟಾಕೀಜಿನಲ್ಲಿ ಅದಕ್ಕೆ ಬಿದ್ದ ಸೀಟಿಗಳನ್ನು ನಾನೂ ಕೂತು ಕೇಳಿದೆ.

ಕ್ಷಮೆ ಕೇಳಲು ಅವರನ್ನು ಎಲ್ಲೆಲ್ಲೋ ಹುಡುಕಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅವರ ನಂಬರು ನನ್ನ ಫೋನಿನಲ್ಲೇ ಇತ್ತು. ಇವತ್ತು, ನಾಳೆ ಎನ್ನುತ್ತಲೇ ವರ್ಷಗಳು ಹೋದವು. ಹೀರೋನನ್ನು, ಹಾಲು ಸುರಿದವರನ್ನು ಸಿಕ್ಕಸಿಕ್ಕಲ್ಲಿ ಹಳಿಯುತ್ತಿದ್ದೆ. ಅವರಿಗಿಂತ ಹೇಸಿ ನಾನು.

ಮೂಡಲಗಿಯ ಮದುವೆಯಲ್ಲಿ ಹೆಲಿಕಾಪ್ಟರ್ ನಿಲ್ಲಿಸಿ ಅದರ ಪಾಯಲಟ್ ಚಹಾ ಕುಡಿಯಲು ನನ್ನ ಪಕ್ಕ ಬಂದು ಕೂತ. ಧಾರವಾಡ ಕಡೆಯ ತರುಣ.

“ಯಾರೂ ಭಂಡಾರ ಹಾರಸಲಿಲ್ಲ, ಛಲೋ ಆತ್ರಿ ಕಾಕಾ. ಮದುವಿ ಮಂದಿಗೆ ಫೋನ್ ಹಚ್ಚಿ ಮೂರು ಸಲ ಹೇಳಿದ್ದೆ” ಎಂದ.

“ಭಂಡಾರದ ಮಾತು ನಿಮಗ ಹ್ಯಾಂಗ ಗೊತ್ತರಿ?”

“ನಮಗ ಕಲಿಸಿದ ಸರ್ ಹೇಳಿದ್ರು. ಗೋಕಾಕದಾಗ ಒಮ್ಮೆ ಅವರು ಹಾರಸೂವಾಗ ಅದರಿಂದ ಒಬ್ಬಾಂವ ಸಾಯೋದು ಸ್ವಲ್ಪದರಾಗ ತಪ್ಪಿತ್ತಂತ.”

“ಅಲ್ಲಿ ಮಂದಿ ಅವರಿಗೆ ಮೊದಲ ಹೇಳಿರಲಿಲ್ಲಂತೇನು?”

“ಹೇಳಿದ್ರಂತರಿ. ತಪ್ಪು ನಂದ, ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತಿದ್ರು. ಹ್ವಾದ ವರ್ಷ ತೀರಿಕೊಂಡ್ರು. ದವಾಖಾನಿಗೆ ನೋಡಾಕ ಹೋದಾಗೂ ಅದನ್ನ ಅಂದ್ರು, ಮಂದಿ ಹೇಳೂದನ್ನ ಕಿವಿಗೊಟ್ಟು ಕೇಳು ಅಂತ.”

“ಯಾರೂ ಹೇಳಿರಲಿಲ್ಲಪಾ” ಎಂದೆ. “ಹೇಳಿದ್ನಿ ಅಂತ ಸುಳ್ಳು ಹೇಳಿದಾಂವ ನಾನ.”

ಅವನು ನನ್ನ ಮುಖವನ್ನೇ ನೋಡಿದ. ಇಷ್ಟು ಹೊತ್ತು ಕಾಕಾ ಎನ್ನುತ್ತಿದ್ದವನು ಅರ್ಧ ಚಹಾ ಬಿಟ್ಟು ಎದ್ದುಹೋದ. ಅವನು ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಆದರೆ ಉಗಿಯುವ ಹಕ್ಕು ಇದ್ದದ್ದು ಒಬ್ಬರಿಗೆ ಮಾತ್ರ, ಅವರು ನನ್ನ ಸುಳ್ಳನ್ನು ಸಾಯುವ ತನಕ ತಮ್ಮ ತಪ್ಪೆಂದೇ ಹೇಳಿಕೊಂಡು ಹೋಗಿಬಿಟ್ಟರು.