ಅಕ್ಕನ ಮನೆಯ ಕೃತಜ್ಞತಾ ಕೂಟ

ನಮ್ಮ ಸಭೆಯಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸುವುದೆಂದರೆ, ಪಕ್ಕದವರಿಗೆ ಸಿಗದ್ದು ತಮಗೆ ಸಿಕ್ಕಿತೆಂದು ಮೈಕಿನಲ್ಲಿ ಹೇಳುವುದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಬೆಳಗಾವಿಯ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಟಿಳಕವಾಡಿಯ ಬಾಡಿಗೆ ಕೋಣೆಯಿಂದ ಭಾನುವಾರ ಚರ್ಚಿನ ಆರಾಧನೆಗೆ ಹೋಗುತ್ತಿದ್ದೆ. ಸಾಕ್ಷಿ ಹೇಳುವ ಹೊತ್ತು ಬಂತೆಂದರೆ, ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದು ನಿಂತು ವರದಿ ಮಾಡುತ್ತಿದ್ದರು. ಒಬ್ಬರ ವರ್ಗಾವಣೆಯನ್ನು ದೇವರು ರದ್ದು ಮಾಡಿಸಿದ್ದ. ಇನ್ನೊಬ್ಬರ ಮಗಳ ಮದುವೆಯ ದಿನ ಮಳೆ ನಿಲ್ಲಿಸಿದ್ದ. ಆ ವಾರ ಬಿತ್ತನೆಗೆ ಮಳೆ ಬೇಡಿದವರ ಅರ್ಜಿ ಬಹುಶಃ ತಡವಾಗಿ ತಲುಪಿತ್ತು. ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೆಲಸಗಾರರನ್ನು ತೆಗೆದಾಗ ತನ್ನ ಕೆಲಸ ಉಳಿಯಿತೆಂದು ಒಬ್ಬಾತ ಸ್ತೋತ್ರ ಹೇಳಿದ. ಕೆಲಸ ಹೋದವನು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರ ಜೊತೆ ‘ಆಮೆನ್’ ಅಂದ. ಅದು ಸುದ್ದಿಯಾಗಿದ್ದರೆ, ಇನ್ನೊಂದು ಕಡೆಯವರ ಮಾತು ಕೇಳದೆ ನಾವು ಅಚ್ಚಿಗೆ ಬಿಡುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಖಾನಾಪುರದಲ್ಲಿದ್ದ ನನ್ನ ಭಾವನಿಗೆ ಕಾಮಣಿಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ಅದೇ ವಾರ ಪಕ್ಕದ ಮನೆಯಾತನಿಗೂ ಆಯಿತು. ಎರಡೂ ಮನೆಯವರು ಒಂದೇ ಬಾವಿಯ ನೀರು ಕುಡಿಯುತ್ತಿದ್ದರು, ಒಂದೇ ಚರ್ಚಿಗೆ ಹೋಗುತ್ತಿದ್ದರು. ಸಭೆಯ ಹಿರಿಯರೊಬ್ಬರು ಒಂದೇ ಸಂಜೆ ಎರಡೂ ಮನೆಗೆ ಬಂದು, ಅದೇ ಪ್ರಾರ್ಥನೆ ಮಾಡಿ, ಅದೇ ಶೀಶೆಯ ಎಣ್ಣೆಯನ್ನು ಹಣೆಗೆ ಹಚ್ಚಿದರು. ಭಾವ ಚೇತರಿಸಿಕೊಂಡರು. ಪಕ್ಕದ ಮನೆಯಾತ ತೀರಿಕೊಂಡ, ಹೆಂಡತಿ ವಿಧವೆಯಾದಳು.

ಹಿರಿಯರಿಗೆ ಇದರಿಂದ ಯಾವ ತೊಡಕೂ ಆಗಲಿಲ್ಲ. ಅಕ್ಕನ ಮನೆಯಲ್ಲಿ ಕೃತಜ್ಞತಾ ಕೂಟ ಗೊತ್ತುಮಾಡಿದರು. ನಾನು ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಿ ತಲುಪಿದಾಗ, ಅವರು ಪಡಸಾಲೆಯಲ್ಲಿ ಕೂತು ಅಕ್ಕನ ಸಾಕ್ಷಿಯನ್ನು ಅಕ್ಕನಿಗೇ ಕಲಿಸುತ್ತಿದ್ದರು.

“ಅಕ್ಕಾರ, ವಿಶ್ವಾಸದ ಮಾತ ಮರೀಬ್ಯಾಡ್ರಿ. ನಿಮ್ಮ ವಿಶ್ವಾಸ ಗಟ್ಟಿ ಇತ್ತು, ಅದಕ್ಕ ಯಜಮಾನ್ರು ಉಳದ್ರು. ಕೆಲವ್ರ ಮನ್ಯಾಗ ಅದು ಕಡಿಮಿ ಬಿತ್ತು ಅಂತನೂ ಅನ್ರಿ. ಹೆಸರ ಏನ್ ಬ್ಯಾಡ.”

“ಹೆಸರ ಯಾಕ ಬೇಕ್ರಿ? ಆಕಿ ಮನಿ ಇಲ್ಲೇ ಐತಿ, ಗ್ವಾಡಿ ಒಂದ ಅಡ್ಡ,” ಅಂದಳು ಅಕ್ಕ.

ಹಿರಿಯರು ಇದನ್ನು ಒಪ್ಪಿಗೆ ಎಂದುಕೊಂಡರು.

ಅಡುಗೆಮನೆಗೆ ಹೋಗಿ ಅಕ್ಕನನ್ನು ಕೇಳಿದೆ: “ಆಕಿಗೂ ಹೇಳಿಯೇನು?”

“ಹೇಳೀನಿ. ಬರ್ತೀನಿ ಅಂದಾಳ. ಬರಲಿಲ್ಲಾಂದ್ರ ಮಂದಿ ಹೊಟ್ಟಿಕಿಚ್ಚು ಅಂತಾರಂತ.”

“ಮತ್ತ ನೀ ಏನ್ ಹೇಳಾಕಿ?”

“ಶಿರಾ ತಳ ಹಿಡೀತೈತಿ, ಸರಿ ಅತ್ತಾಗ. ಪೇಪರದಾಂವ ನೀ, ಬರೇ ಕೇಳೂದ ಗೊತ್ತು.”

ಆ ಹೆಂಗಸು ಬಂದಳು. ಗಂಡ ಸತ್ತು ಇನ್ನೂ ಬಹಳ ದಿನ ಆಗಿರಲಿಲ್ಲ. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕೂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ವಿಶ್ವಾಸ ಕಡಿಮೆ ಬಿದ್ದ ಮನೆ ಯಾವುದೆಂದು ಹಿರಿಯರು ಆಗಲೇ ಅಲ್ಲಲ್ಲಿ ಹೇಳಿಯಾಗಿತ್ತು. ಅಕ್ಕನೂ ಎದ್ದು ಅದನ್ನೇ ಹೇಳಿದರೆ, ಗಂಡನನ್ನು ತಾನೇ ಕೊಂದವಳಂತೆ ಆಕೆ ಆ ಸಭೆಯಲ್ಲಿ ತಲೆತಗ್ಗಿಸಿ ಬಾಳಬೇಕಿತ್ತು.

ಹಾಡು ಮುಗಿಯಿತು. ಹಿರಿಯರು ಸಾಕ್ಷಿಗೆ ಕರೆದರು. ಅಕ್ಕ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದಳು.

“ನಮ್ಮ ಮನ್ಯಾರ ಉಳದಾರ. ದೇವರ ಉಪಕಾರ. ದಿನಾ ಮುಂಜಾನೆ ಅವರು ಚಹಾ ಕೇಳೂ ದನಿ ಬಂದಾಗೊಮ್ಮೆ ಉಪಕಾರಪ್ಪಾ ಅಂತೀನಿ. ಯಾಕ ಉಳಿಸಿದಾ ಅಂತ ನನಗೇನ್ ಅಂವ ಹೇಳಿಲ್ಲ. ನನ್ನ ವಿಶ್ವಾಸ ಗಟ್ಟಿ ಇತ್ತು ಅಂತಾರ ಹಿರೇರು. ಖರೇ ಹೇಳ್ತೀನಿ, ಆ ವಾರ ನನಗ ಪ್ರಾರ್ಥನಾ ಮಾಡಾಕ ಬಾಯಿನ ಬರ್ಲಿಲ್ಲ. ಗ್ವಾಡಿ ಆ ಕಡಿಂದ ಈಕಿ ಮಾಡೂದು ಕೇಳಸ್ತಿತ್ತು. ತನ್ನ ಗಂಡನ ಜೋಡಿ ನಮ್ಮ ಮನ್ಯಾರ ಹೆಸರೂ ತಗೋತಿದ್ಲು. ನಾ ಈ ಕಡಿ ಕುಂತು ಆಮೆನ್ ಅಂತಿದ್ದೆ. ಅಷ್ಟ.”

ಇಂಥ ಕಡೆ ‘ಸ್ತೋತ್ರ’ ಎಂದು ಕೂಗಬೇಕಾದ ಜನ ಹಿರಿಯರ ಮುಖ ನೋಡಿದರು. ಗೆದ್ದವರ ಸಾಕ್ಷಿಗೆ ಏನನ್ನಬೇಕೆಂದಷ್ಟೇ ಅವರಿಗೆ ರೂಢಿ. ಹಿರಿಯರು ಗಂಟಲು ಸರಿಮಾಡಿಕೊಂಡು, “ವಿಶ್ವಾಸ ಅಂದ್ರ...” ಎಂದು ಶುರುಮಾಡಿದರು.

“ಹಿರೇರ, ಶಿರಾ ಆರ್ತೈತ್ರಿ,” ಅಂದಳು ಅಕ್ಕ.

ಭಾವ ನಕ್ಕುಬಿಟ್ಟರು. ಅಕ್ಕ ನೇರ ಬಾಗಿಲ ಬಳಿ ಹೋದಳು.

“ಏಳವ್ವಾ. ಚಪ್ಲಿ ಕಾಯಾಕ ಕರದಿಲ್ಲ ನಿನ್ನ. ಒಳಗ ನಡಿ, ತಾಟ ಹಚ್ಚೂಣು.”

ಆಕೆ ಕಣ್ಣೊರೆಸಿಕೊಂಡು ಎದ್ದಳು. ಪಡಸಾಲೆ ಇಕ್ಕಟ್ಟು. ಆಕೆಗೆ ದಾರಿ ಬಿಡಲು ಹಿರಿಯರು ಕಾಲು ಮಡಚಿಕೊಳ್ಳಬೇಕಾಯಿತು.