ಸೊಲ್ಲಾಪುರದ ಕಪಾಟು, ನಮ್ಮ ಕಾರಕೂನರು

ನಮ್ಮ ಕಾರಕೂನರ ಎಡಗಿವಿಯ ಮೇಲೆ ಕೆಂಪು ಪೆನ್ಸಿಲ್, ಬಲಗಿವಿಯ ಮೇಲೆ ನೀಲಿ. ಕ್ಷೌರಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ, ಕತ್ತರಿಯೇ ಸುತ್ತು ಹಾಕಿ ಹೋಗಬೇಕಿತ್ತು. ನಂಬುವುದಿಲ್ಲವೆ? ಬೇಡ ಬಿಡಿ. ನಾಲ್ಕು ತಾಲೂಕಿನಲ್ಲಿ ನನ್ನ ಮಾತು ನಂಬಿ ಮೋಸಹೋದವರೇ ಹೆಚ್ಚು. ಆದರೆ ಇದನ್ನು ಸುಳ್ಳೆಂದು ಸಾಧಿಸಿ, ನೋಡೋಣ.

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಒಬ್ಬ ವಕೀಲ ಸಾಹೇಬರ ಜೂನಿಯರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕೋರ್ಟಿಗೆ ಓಡಾಡುವವರು ಸಾಹೇಬರೊಬ್ಬರೇ. ಎಂದು ಎಲ್ಲಿ ಯಾವ ದಾವೆ ಎಂಬುದೆಲ್ಲ ಕಾರಕೂನರ ತಲೆಯಲ್ಲಿ. ಕಾಗದಗಳು ಬಟ್ಟೆಗಂಟಿನಲ್ಲಿ: ಇಂಡಿಯವು ಕೆಂಪು ಬಟ್ಟೆ, ಮುದ್ದೇಬಿಹಾಳದವು ಹಸಿರು. ಕಕ್ಷಿದಾರರಿಗೆ ನಂಬರು ಗೊತ್ತಿರುತ್ತಿರಲಿಲ್ಲ. "ನಮ್ಮ ಬೇವಿನ ಗಿಡದ್ದರೀ" ಅಂದರೆ ಸಾಕು, ಗಂಟು ಹೊರಗೆ ಬರುತ್ತಿತ್ತು.

ಒಮ್ಮೆ ಸೊಲ್ಲಾಪುರದ ವ್ಯಾಪಾರಿಯೊಬ್ಬ ಉಕ್ಕಿನ ಕಪಾಟು ತಂದ. ಒಂದು ದಾವೆಗೆ ಒಂದು ಕಾರ್ಡು, ಹೆಸರಿನ ಪ್ರಕಾರ ಖಾನೆ. ಸಾಹೇಬರಿಗೆ ಬಲು ಹಿಡಿಸಿತು. ಕಾರಕೂನರು ಖಾನೆ ಎಳೆದು ಮೂಸಿದರು.

"ಕೀಲಿಕೈ ಎಷ್ಟ ಅದಾವರಿ?"

"ಎರಡರಿ."

"ಮೂರನೇದು ಯಾರ ಹತ್ತರ ಐತಿ?"

ವ್ಯಾಪಾರಿ ನಕ್ಕ. ಇವರು ನಗಲಿಲ್ಲ. "ತಾರೀಕು ಮುಂದ ಹೋದ್ರ ಕಾರ್ಡು ತಾನ ತಿದ್ದಿಕೊಳ್ತೈತೇನು?"

ಎಂಟು ದಿನ ಕಪಾಟು ಇಟ್ಟು ನೋಡುವುದೆಂದಾಯಿತು. ಗುರುವಾರ ಪಂದ್ಯ: ಕಾರ್ಡು ಮೊದಲು ಹುಡುಕುತ್ತದೋ, ಕಾರಕೂನರೋ. ಆ ಮುಖ ಒಮ್ಮೆಯಾದರೂ ಪೆಚ್ಚಾಗುವುದನ್ನು ನೋಡಬೇಕೆಂಬ ಆಸೆ ನನಗೆ. ಅವರು ಊಟಕ್ಕೆ ಹೋದಾಗ ಒಂದು ಹಸಿರು ಗಂಟಿನ ಕಾಗದ ಕೆಂಪಿಗೆ, ಕೆಂಪಿನದು ಹಸಿರಿಗೆ ಕಟ್ಟಿಟ್ಟೆ. ವ್ಯಾಪಾರಿ ಬರಲೇ ಇಲ್ಲ, ಪಂದ್ಯವೂ ನಡೆಯಲಿಲ್ಲ. ನಾನು ಮರೆತುಬಿಟ್ಟೆ.

ಮರುದಿನ ಮೂವರೂ ಮುದ್ದೇಬಿಹಾಳಕ್ಕೆ ಹೋದೆವು. ನಾಲತವಾಡದ ಹೆಣ್ಣುಮಗಳೊಬ್ಬಳ ಬಾವಿಯನ್ನು ಮೈದುನರು ಮುಚ್ಚಲು ಹೊರಟಿದ್ದರು. ಅಸಲು ಖರೀದಿಪತ್ರ ತೋರಿಸಿದರೆ ತಡೆಯಾಜ್ಞೆ, ಇಲ್ಲದಿದ್ದರೆ ಬಾವಿಗೆ ಮಣ್ಣು. ಸಾಹೇಬರು ಹಸಿರು ಗಂಟು ಬಿಚ್ಚಿದರೆ ಒಳಗೆ ಇಂಡಿಯ ಆಡಿನ ಜಗಳ!

"ನನ್ನ ಬಾವಿ ಹೋತಲ್ಲೋ ಯಪ್ಪಾ!" ಎಂದು ಅವಳು ಬಾಗಿಲಲ್ಲೇ ಕುಸಿದಳು.

ಕಾರಕೂನರು ಕೋಟಿನ ಗುಂಡಿ ಬಿಚ್ಚಿ ಎದೆಯೊಳಗಿಂದ ಪತ್ರ ತೆಗೆದರು. "ಆ ಕಪಾಟಿನಂವನ ಮ್ಯಾಲೆ ನನಗ ಸಂಶೆ ಇತ್ತರಿ. ಈ ವಾರದ ಅಸಲ ಕಾಗದ ಎಲ್ಲಾ ಎದಿಗೆ ಕಟ್ಕೊಂಡ ತಿರಗಾಡಾಕತ್ತೇನಿ."

ಬಾವಿ ಉಳಿಯಿತು. ಹೊರಗೆ ಬಂದು ಸಾಹೇಬರು ಕೇಳಿದರು, "ಗಂಟು ಹೆಂಗ ಅದಲಬದಲ ಆತು?"

ಕಾರಕೂನರು ತಲೆ ತಗ್ಗಿಸಿದರು. "ನನ್ನ ಕೈತಪ್ಪರಿ."

"ವಯಸ್ಸಾತು ನಿಮಗ. ಕಪಾಟ ತಗೊಳ್ಳೂದ ಬರೋಬರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಾರಕೂನರು ನನ್ನ ಪಕ್ಕ ಕೂತು ಮೆಲ್ಲಗೆ ಅಂದರು, "ತಮ್ಮಾ, ಎಡಗೈಲೆ ಹಾಕಿದ ಗಂಟ ಬಿಚ್ಚಾಕ ಭಾಳ ತ್ರಾಸ ನೋಡು."

ನಮ್ಮ ಆಫೀಸಿನಲ್ಲಿ ಎಡಚ ನಾನೊಬ್ಬನೇ.

"ಮತ್ತ ಯಾಕ ಸುಮ್ನಿದ್ರಿ?"

"ನಿಂದು ಮೊದಲನೇ ವರ್ಷ. ಇಲ್ಲಿಂದ ಹೊರಗ ಹಾಕಿದ್ರ ಈ ನಾಕ ಕೋರ್ಟಿನ್ಯಾಗ ನಿನ್ನ ಯಾರ ಕರಕೊಳ್ತಾರ? ನನ್ನದೇನ, ಮುಗೀತ ಬಂತು."

ಆ ಸಂಜೆಯೇ ಸಾಹೇಬರ ಕೋಣೆಗೆ ಹೋಗಿ ನಿಜ ಹೇಳಿದೆ. "ಮುದುಕನ್ನ ಉಳಸಾಕ ಸುಳ್ಳ ಹೇಳಬ್ಯಾಡ" ಎಂದು ಬೈದು ಕಳಿಸಿದರು. ಕಪಾಟು ಉಳಿಯಿತು. ಮುಂದಿನ ತಿಂಗಳು ಕಾರಕೂನರು ತಮ್ಮೂರು ಯಂಕಂಚಿಗೆ ಹೋದರು. ಎರಡು ವರ್ಷದೊಳಗೆ ತೀರಿಕೊಂಡರು. ನಾನು ಮಾತ್ರ ಅದೇ ನಾಲ್ಕು ಕೋರ್ಟುಗಳಲ್ಲಿ ದೊಡ್ಡ ವಕೀಲನಾದೆ. ದೊಡ್ಡ ಎಂದರೆ ದೊಡ್ಡವನೇ, ಯಾರನ್ನಾದರೂ ಕೇಳಿ.

ಇಷ್ಟು ಹೇಳಿದ್ದರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ ಒಂದು. ಆ ಸಂಜೆ ನಾನು ಸಾಹೇಬರ ಕೋಣೆಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.