ಮೂರನೇ ಮೆಟ್ಟಿಲು, ಎರಡು ಹಗೇವು

ಆ ದಿನ ಮೋಡ ಕವಿದಿತ್ತು ಎಂದು ಬರೆದು ಅಳಿಸಿದ್ದೇನೆ. ಫೋನಿನಲ್ಲಿರುವ ಫೋಟೋದಲ್ಲಿ ಎಲ್ಲರ ಕಾಲ ಬುಡದಲ್ಲೂ ಕಪ್ಪು ನೆರಳಿದೆ. ಅಂದರೆ ಬಿಸಿಲಿತ್ತು. ಮೋಡವನ್ನು ನನ್ನ ಹೆದರಿಕೆ ಆಮೇಲೆ ತಂದು ಕೂರಿಸಿರಬೇಕು. ಮುಂದೆ ಹೇಳುವುದರಲ್ಲೂ ಇಂಥ ಮೋಡಗಳು ಇರಬಹುದು. ಕಣ್ಣಿಗೆ ಬಿದ್ದವನ್ನು ನಾನೇ ಸರಿಸುತ್ತ ಹೋಗುತ್ತೇನೆ.

ಹೆದರಿಕೆಗೆ ಕಾರಣವಿತ್ತು. ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ, ಪಿಎಚ್‌ಡಿ ಇಲ್ಲದೆ. ಯಾಕೆ ಮಾಡಲಿಲ್ಲ ಎಂದು ಕೇಳಿದವರಲ್ಲಿ ಕೆಲವರಿಗೆ ಮಗಳು ಹುಟ್ಟಿದಳು ಎಂದಿದ್ದೇನೆ, ಕೆಲವರಿಗೆ ಮಾರ್ಗದರ್ಶಕರು ಊರು ಬಿಟ್ಟರು ಎಂದಿದ್ದೇನೆ, ಒಬ್ಬರಿಗೆ ಬೇಸರ ಬಂತು ಎಂದೂ ಹೇಳಿದ್ದೇನೆ. ಮೂರೂ ಅಷ್ಟಷ್ಟು ನಿಜ. ನಮ್ಮಂಥವರಿಗೆ ಸಂಸ್ಥೆಯಲ್ಲಿ ಇದ್ದ ಹೆಸರು ಒಂದೇ: ಸಹಾಯಕರು. ನಿನ್ನೆ ಸೇರಿದವನೂ ಸಹಾಯಕ, ತಲೆ ನರೆತವಳೂ ಸಹಾಯಕಿ. ಇದು ಸರಿಯಲ್ಲ ಎಂದು ಮೇಲಿನವರಿಗೆ ಕೊನೆಗೊಮ್ಮೆ ಅನಿಸಿತು. ಡಾಕ್ಟರೇಟ್ ಇಲ್ಲದ ಸಂಶೋಧಕರಿಗೂ ಮೂರು ಮೆಟ್ಟಿಲು ಕಟ್ಟಿದರು. ಮೊದಲನೇ ಮೆಟ್ಟಿಲಿನವರು ಹೇಳಿದ ಕೆಲಸ ಮಾಡುವವರು. ಎರಡನೆಯವರು ಹೇಳಿದ ಕೆಲಸವನ್ನು ಹೇಗೆ ಮಾಡಬೇಕೆಂದು ತಾವೇ ಗೊತ್ತು ಮಾಡುವವರು. ಮೂರನೆಯವರು ಪ್ರಶ್ನೆಯನ್ನೇ ತಾವು ಹುಟ್ಟಿಸಿ, ಅದರ ಬೆನ್ನು ಹತ್ತಿ ಹೋಗಬಲ್ಲವರು. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಒಂದು ಸಮಿತಿ ಕೆಲಸದ ಜಾಗಕ್ಕೇ ಬಂದು ನೋಡುತ್ತದೆ.

ನನ್ನ ಕೆಲಸದ ಜಾಗ ಬೆಳವಣಕಿ ಎಂಬ ಊರಿನ ಒಂದು ಮನೆಯ ಅಂಗಳ. ಅಲ್ಲಿ ಎರಡು ಹಗೇವು ಇದ್ದವು. ಹಗೇವು ಎಂದರೆ ನೆಲದೊಳಗೆ ಹೂಜಿಯ ಹಾಗೆ ತೋಡಿದ ಜೋಳದ ಕಣಜ. ಕುತ್ತಿಗೆ ಕಿರಿದು, ಹೊಟ್ಟೆ ದೊಡ್ಡದು. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಾರೆ. ಈಗ ಬಹಳ ಕಡೆ ಅದರ ಮೇಲೆ ಬೈಕು ನಿಲ್ಲಿಸುತ್ತಾರೆ. ಒಂದರ ಒಳಗೋಡೆಗೆ ಹಳೆಯ ಪದ್ಧತಿಯಂತೆ ಜೋಳದ ದಂಟು, ಹೊಟ್ಟು ಒತ್ತಾಗಿ ಕೊಟ್ಟಿದ್ದೆ. ಇನ್ನೊಂದಕ್ಕೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿದ್ದೆ. ಎರಡಕ್ಕೂ ಜೋಳ ತುಂಬಿ, ಸಮಿತಿಯ ಎದುರಿಗೇ ತೆರೆಯಬೇಕೆಂದು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದೆ. ತಾಡಪತ್ರಿಯ ಹಗೇವಿನಲ್ಲಿ ಜೋಳ ಹೆಚ್ಚು ಚೆನ್ನಾಗಿ ಉಳಿಯುತ್ತದೆ ಎಂಬುದು ನನ್ನ ಊಹೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಸಮಿತಿ ನನ್ನನ್ನು ಮೂರನೇ ಮೆಟ್ಟಿಲಿಗೆ ಏರಿಸಿದರೆ ಹಗೇವಿನ ಕೆಲಸ ನನ್ನ ಕೈಯಲ್ಲೇ ಉಳಿಯುತ್ತಿತ್ತು. ಇಲ್ಲದಿದ್ದರೆ ಅದು ಡಾಕ್ಟರೇಟ್ ಇದ್ದ ಯಾರದೋ ಪಾಲಾಗಿ, ನಾನು ಮತ್ತೆ ಬೀಜ ಎಣಿಸುವ ಕೋಣೆಗೆ ಹೋಗಬೇಕಿತ್ತು.

ಇದನ್ನೆಲ್ಲ ಆ ಮನೆಯ ಚಿಗವ್ವನಿಗೆ ಹೇಳಿದ್ದೆ. ಚಿಗವ್ವ ಎಂದರೆ ಚಿಕ್ಕಮ್ಮ, ಆದರೆ ಅವಳು ನನ್ನ ಸಂಬಂಧಿಕಳಲ್ಲ. ರೋಣದಿಂದ ಬಂದ ಬಸ್ಸಿಳಿದು ಮೊದಲ ಸಲ ಅವರ ಮನೆಗೆ ಹೋದಾಗ ‘ನನಗ ಚಿಗವ್ವ ಅನ್ನು’ ಎಂದವಳು ಅವಳೇ. ಅವಳ ಗಂಡನನ್ನು ಆಮೇಲೆ ನಾನಾಗಿಯೇ ಕಾಕಾ ಎಂದೆ.

“ಅಂದ್ರ ಕನ್ಯಾ ನೋಡಾಕ ಬರ್ತಾರ ಅನ್ನು,” ಎಂದಿದ್ದಳು ಚಿಗವ್ವ.

“ನನ್ನ ಮಗಳ ಕಾಲೇಜಿಗೆ ಹೋಗ್ತಾಳ ಚಿಗವ್ವಾ.”

“ಯಾರರೆ ಇರ್ಲಿ. ಬಂದು ನೋಡಿ, ಒಪ್ಪಿಗಿ ಆತೋ ಇಲ್ಲೋ ಅಂತ ಮನಿಗೆ ಹೋಗಿ ಹೇಳ್ತಾರಂದ್ರ ಕನ್ಯಾ ನೋಡೂದ ಅದು.”

ಸಮಿತಿ ಬರುವ ದಿನ ನಾನು ಹೊಲದ ಕೆಲಸಕ್ಕೆ ಹಾಕುವ ಹಳೆಯ ಚೂಡಿದಾರದಲ್ಲಿ ಹೋದೆ. ಅವಳು ಬಾಗಿಲಲ್ಲೇ ತಡೆದು, ತನ್ನ ಟ್ರಂಕಿನಿಂದ ಗಜೇಂದ್ರಗಡದ ಮಗ್ಗದ ಸೀರೆ ತೆಗೆದು ಉಡಿಸಿದಳು. ಅಂಗಳ ಸಾರಿಸಿತ್ತು. ಒಳಗೆ ಗೋದಿ ಸಜ್ಜಕ ಕುದಿಯುತ್ತಿತ್ತು. ಕಾಕಾ ಗಡ್ಡ ಹೆರೆಸಿಕೊಂಡು ಬಂದು, ಯಾಕೋ ನನ್ನ ಮುಖ ನೋಡದೆ ಹಗ್ಗ ಸುತ್ತುತ್ತಿದ್ದರು. ಆಗ ನನಗೆ ಅದರಲ್ಲೇನೂ ಕಾಣಲಿಲ್ಲ. ಅಥವಾ, ಮುಖ ನೋಡಲಿಲ್ಲ ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ನರಗುಂದದ ಕಡೆಯಿಂದ ಜೀಪು ಬಂತು. ಸಮಿತಿಯಲ್ಲಿ ಇಬ್ಬರು. ಅಧ್ಯಕ್ಷರು ಮೈಸೂರು ಕಡೆಯ ವಯಸ್ಸಾದವರು, ಮೆಲುಮಾತಿನವರು. ಇನ್ನೊಬ್ಬರು ಧಾರವಾಡದ ಪ್ರಾಧ್ಯಾಪಕಿ. ಅವರು ಜೀಪಿನಿಂದ ಇಳಿಯುತ್ತಲೇ ಪ್ರಶ್ನೆ ಕೇಳಲು ಶುರು ಮಾಡಿದರು.

ಮೊದಲು ಕಾಕಾ ಹಳೆಯ ಪದ್ಧತಿಯ ಹಗೇವಿನ ಚಪ್ಪಡಿ ಸರಿಸಿದರು. ಅಧ್ಯಕ್ಷರು ಬಗ್ಗಿ ನೋಡಲು ಹೋದರು.

“ಹಿಂದ ಸರೀರಿ ಸಾಹೇಬ್ರ!” ಎಂದು ಕಾಕಾ ಕೂಗಿದರು. “ಅದರ ಉಸರಾ ಚಲೋ ಅಲ್ಲ.”

ಮುಚ್ಚಿಟ್ಟ ಜೋಳ ಒಳಗೇ ಉಸಿರಾಡುತ್ತ, ಅಲ್ಲಿರುವ ಒಳ್ಳೆಯ ಗಾಳಿಯನ್ನೆಲ್ಲ ಮುಗಿಸಿರುತ್ತದೆ. ಇಳಿದವರು ಏಳುವುದಿಲ್ಲ. ಅದಕ್ಕೇ ಮೊದಲು ಕಂದೀಲು ಇಳಿಬಿಡುವುದು. ಕಾಕಾ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಂದೀಲು ಕುತ್ತಿಗೆ ದಾಟುತ್ತಲೇ ಸಣ್ಣಗಾಗಿ ಆರಿತು. ಉದ್ದ ಕೋಲಿಗೆ ಕಟ್ಟಿದ ತಂಬಿಗೆಯಿಂದ ಮೇಲಿನ ಜೋಳ ತೆಗೆದೆವು. ಕೊಂಚ ಹಳದಿ ತಿರುಗಿದ, ಘಾಟು ವಾಸನೆಯ, ಗಟ್ಟಿಯಾದ ಜೋಳ. ಹಗೇವಿನ ಜೋಳ ಇರಬೇಕಾದದ್ದೇ ಹಾಗೆ.

ಆಮೇಲೆ ತಾಡಪತ್ರಿಯ ಹಗೇವು. ಕಂದೀಲು ಇಳಿಯಿತು. ಕುತ್ತಿಗೆ ದಾಟಿತು. ಹೊಟ್ಟೆಯೊಳಗೆ ಹೋಗಿ ದೇವರ ಮುಂದಿನ ದೀಪದ ಹಾಗೆ ಹಾಯಾಗಿ ಉರಿಯುತ್ತ ನಿಂತಿತು. ತಂಬಿಗೆಯಲ್ಲಿ ಬಂದದ್ದು ಮುತ್ತಿನಂಥ ಬಿಳಿ ಜೋಳ.

“ಅರೆ, ಇಲ್ಲಿ ನೋಡ್ರಿ,” ಎಂದರು ಪ್ರಾಧ್ಯಾಪಕಿ. “ಗಾಳಿನೂ ಶುದ್ಧ ಉಳದದ! ಇದು ನೀವು ಊಹಿಸಿದ್ದಕ್ಕಿಂತ ದೊಡ್ಡ ಮಾತಾತಲ್ಲ?”

“ಇಷ್ಟು ಸಾಕಲ್ವಾ ಮೇಡಂ?” ಎಂದು ಅಧ್ಯಕ್ಷರು ಅವರನ್ನೇ ಕೇಳಿದರು. ಅವರ ಮುಖದಲ್ಲಿ ಮೂರನೇ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತಿತ್ತು.

ಆದರೆ ತಾಡಪತ್ರಿ ಹಾಸಿದರೂ ಜೋಳ ಉಸಿರಾಡುವುದನ್ನು ಬಿಡುವುದಿಲ್ಲ. ಅಷ್ಟು ಕಾಲ ಮುಚ್ಚಿದ್ದ ಹಗೇವಿನಲ್ಲಿ ಕಂದೀಲು ಉರಿಯಲು ಸಾಧ್ಯವೇ ಇಲ್ಲ. ಇದನ್ನು ಯಾರೋ ಮೊದಲೇ ತೆರೆದಿದ್ದರು.

ಇಲ್ಲಿ ನನ್ನ ಬಳಿ ಎರಡು ಪಾಠಾಂತರಗಳಿವೆ. ನನ್ನದರಲ್ಲಿ ನಾನು ತಕ್ಷಣ ಬಾಯಿಬಿಟ್ಟೆ. ಪ್ರಾಧ್ಯಾಪಕಿ ಆಮೇಲೆ ನಗುತ್ತ ಹೇಳಿದ ಪ್ರಕಾರ, ನಾನು ಮೊದಲು ನೀರು ಕೇಳಿದೆ, ಕುಡಿದೆ, ಸೆರಗು ಸರಿ ಮಾಡಿಕೊಂಡೆ, ಮತ್ತೆ ನೀರು ಕೇಳಿದೆ. ಅವರದೇ ನಿಜವಿರಬೇಕು.

“ಈ ಹಗೇವು ಇವತ್ತ ತೆಗದದ್ದಲ್ರಿ,” ಎಂದೆ. “ಹಿಂದ ಯಾರೋ ತೆಗದು ಮುಚ್ಚ್ಯಾರ. ಈ ಜೋಳಾನೂ ನಾ ಹಾಕಿದ್ದಲ್ಲ.”

ಕಾಕಾ ಆಕಾಶ ನೋಡಿದರು. ಅಲ್ಲಿ ಮೋಡವಿರಲಿಲ್ಲ ಎಂಬುದು ಈಗಾಗಲೇ ತೀರ್ಮಾನವಾಗಿದೆ. ಚಿಗವ್ವ ಹಣೆ ಚಚ್ಚಿಕೊಂಡಳು.

“ಸುಮ್ನಿರಾಕ ಏನಾಗಿತ್ತ ಬೇ ನಿನಗ? ಒಪ್ಪಿಗಿ ಆಗಾಕ ಹತ್ತಿತ್ತಲ್ಲ!”

“ನೀ ತೆಗದಿ, ಚಿಗವ್ವಾ?”

“ಹೌದ, ನಾನ ತೆಗಿಸೀನಿ. ಬೀಗರು ಬರೂ ಮುಂದ ಮನಿ ಒಮ್ಮಿ ಹಣಿಕಿ ನೋಡಬೇಕೋ ಬ್ಯಾಡೋ? ಮೊನ್ನಿ ತೆಗದ್ರ ಮ್ಯಾಲಿನ ಜೋಳ ಕರ್ರಗಾಗಿ ಗಡ್ಡಿ ಕಟ್ಟಿತ್ತು. ಅದನ್ನ ಇವರ ಮುಂದ ಹ್ಯಾಂಗ ಇಡೂದು? ಮನ್ಯಾಗಿನ ಹೊಸಾ ಜೋಳ ಮ್ಯಾಲ ಹಾಕ್ಸಿದ್ನಿ.”

“ನಾ ಬ್ಯಾಡಂದ್ನಿ,” ಎಂದರು ಕಾಕಾ, ಆಕಾಶಕ್ಕೇ.

“ಬ್ಯಾಡಂದವರು ಬುಟ್ಟಿ ಯಾಕ ಹೊತ್ರಿ?”

“ಅಂದ್ರ ನಿಮ್ಮ ಪ್ರಯೋಗ ಎಲ್ಲಾ ಮಣ್ಣಾತು,” ಎಂದರು ಪ್ರಾಧ್ಯಾಪಕಿ. ಅವರಿಗೆ ಸಿಟ್ಟು ಬಂದಿತ್ತೋ ನಗು ಬಂದಿತ್ತೋ, ಎರಡನ್ನೂ ನೋಡಿದ ನೆನಪಿದೆ. ಅಧ್ಯಕ್ಷರು ಮಾತ್ರ ನನ್ನ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, “ಈಗ ಏನು ಮಾಡ್ತೀರಿ?” ಎಂದರು.

ಇಷ್ಟು ವರ್ಷಗಳಲ್ಲಿ ಸಂಸ್ಥೆಯ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ‘ಈಗ ಇದನ್ನು ಮಾಡಿ’ ಎಂದೇ ಹೇಳುತ್ತಿದ್ದರು.

“ಕೆಟ್ಟ ಜೋಳ ಎಲ್ಲೈತಿ ಚಿಗವ್ವಾ? ಚೆಲ್ಲಿದೇನು?”

“ಅನ್ನಾ ಅದು, ಹ್ಯಾಂಗ ಚೆಲ್ಲಲಿ? ದನದ ಕೊಟಗಿಯೊಳಗ ಐತಿ.”

“ಎಮ್ಮಿನೂ ಮೂಸಿ ಮಾರಿ ತಿರುವಿತು,” ಎಂದರು ಕಾಕಾ.

ಆ ಕೆಟ್ಟ ಜೋಳದ ಬುಟ್ಟಿ ತರಿಸಿ ನೋಡಿದೆ. ಕಂದೀಲು ಇನ್ನೂ ಉರಿಯುತ್ತಿತ್ತು, ಇಳಿಯಲು ತೊಂದರೆಯಿರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು, ಗಜೇಂದ್ರಗಡದ ಸೀರೆಗೆ ಕಚ್ಚೆ ಹಾಕಿ ನಾನೇ ಇಳಿದೆ. ಮೇಲಿನಿಂದ ಚಿಗವ್ವನ ದನಿ: “ಸೀರಿ ಜ್ವಾಕಿ!” ಹೊಸ ಜೋಳವನ್ನು ಪಕ್ಕಕ್ಕೆ ಸರಿಸಿ, ನಡುವಿನಿಂದ ಒಂದು ಹಿಡಿ ತೆಗೆದೆ. ಗಟ್ಟಿಯಾಗಿತ್ತು. ಗೋಡೆಯ ಸುತ್ತ ತೆಗೆದದ್ದೆಲ್ಲ ಒದ್ದೆ, ಹೆಂಟೆ, ಬೂಷ್ಟು. ತಾಡಪತ್ರಿಯ ಒಳಮೈಗೆ ಬೆವರು ಕೂತಿತ್ತು. ದಂಟು, ಹೊಟ್ಟು ಆ ಬೆವರನ್ನು ಕುಡಿಯುತ್ತವೆ. ಪ್ಲಾಸ್ಟಿಕ್ಕು ಅದನ್ನು ಜೋಳಕ್ಕೇ ತಿರುಗಿ ಕೊಟ್ಟಿತ್ತು.

“ಏನದ?” ಎಂದು ಮೇಲಿನಿಂದ ಪ್ರಾಧ್ಯಾಪಕಿ ಕೇಳಿದರು.

“ನನ್ನ ಊಹೆ ತಪ್ಪೈತ್ರಿ! ಪೂರಾ ತಪ್ಪೈತಿ!”

ಹಗೇವಿನ ಹೊಟ್ಟೆಯಲ್ಲಿ ಆ ಮಾತು ದೊಡ್ಡದಾಗಿ ಮೊಳಗಿತು. ಆ ದಿನದ್ದು ಬೇರೆ ಏನನ್ನು ಯಾರು ಅಲ್ಲಗಳೆದರೂ ಒಪ್ಪುತ್ತೇನೆ, ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ನನಗೆ ಖುಷಿಯಾಗಿತ್ತು. ಏಕೆಂದರೆ ಮುಂದಿನ ಪ್ರಶ್ನೆ ಆಗಲೇ ತಲೆಯಲ್ಲಿತ್ತು: ತಾಡಪತ್ರಿಯ ಮೇಲೆ ದಂಟನ್ನೂ ಕೊಟ್ಟಿದ್ದರೆ? ಎಷ್ಟು ದಪ್ಪ ಕೊಟ್ಟರೆ ಆ ಬೆವರನ್ನೆಲ್ಲ ಕುಡಿದೀತು?

ಊಟಕ್ಕೆ ಕೂತಾಗ ಪ್ರಾಧ್ಯಾಪಕಿಗೂ ಚಿಗವ್ವನಿಗೂ ಜಗಳವೇ ಆಯಿತು. ಪ್ರಯೋಗ ಕೆಡಿಸಬಾರದು ಎಂದು ಅವರು, ಬಂದವರ ಮುಂದೆ ಕೆಟ್ಟದ್ದನ್ನು ಇಡಬಾರದು ಎಂದು ಇವಳು. ಇಬ್ಬರೂ ಸೋಲಲಿಲ್ಲ. ಸಜ್ಜಕ ಮಾತ್ರ ಎರಡೆರಡು ಸಲ ಬಡಿಸಿಕೊಂಡರು. ಅಧ್ಯಕ್ಷರು ಹೊರಡುವಾಗ ಏನೂ ಹೇಳಲಿಲ್ಲ. ಹೇಳಿದರು ಎಂದು ಕಾಕಾ ಇಂದಿಗೂ ವಾದಿಸುತ್ತಾರೆ, ಆದರೆ ಏನು ಎಂದರೆ ನೆನಪಿಲ್ಲ ಎನ್ನುತ್ತಾರೆ.

ಆಮೇಲಿನ ದಿನಗಳಲ್ಲಿ ಬೀಜ ಎಣಿಸುವ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕಾಲು ತಾನಾಗಿ ಬಿರುಸಾಗುತ್ತಿತ್ತು. ಕೊನೆಗೆ ಆದೇಶ ಬಂತು. ಮೂರನೇ ಮೆಟ್ಟಿಲು. ಮೊದಲ ಬಸ್ಸಿಗೇ ಬೆಳವಣಕಿಗೆ ಹೋಗಿ ಹೇಳಿದೆ.

ಚಿಗವ್ವನ ಮುಖ ಸಣ್ಣಗಾಯಿತು. “ಮೂರನೇದ? ಒಂದನೇದು ಬರಲಿಲ್ಲೇನ ಬೇ? ಎಲ್ಲಾ ನನ್ನ ಸಲುವಾಗಿ.”

“ಇಲ್ಲಿ ಮೂರ ದೊಡ್ಡದು, ಚಿಗವ್ವಾ.”

“ಯಾವ ಸಾಲ್ಯಾಗ ಮೂರ ದೊಡ್ಡದೈತಿ? ಸಮಾಧಾನಾ ಹೇಳಾಕ ಬಂದಿ ನೀ.”

ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ ಎಂದು ಬೆರಳು ಮಡಿಸಿ ತೋರಿಸಿದ ಮೇಲೆ ಅವಳು ನಂಬಿದಳು. ಹಗೇವಿನ ಕೆಲಸ ಇನ್ನು ನನ್ನದೇ, ಎರಡನ್ನೂ ಮತ್ತೆ ತುಂಬಿಸುತ್ತೇನೆ, ಊರಲ್ಲೇ ಒಬ್ಬರನ್ನು ನನ್ನ ಕೈಕೆಳಗೆ ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರವೂ ಬಂದಿದೆ ಎಂದೆ.

“ಅದಕ್ಕ ಎಷ್ಟ ಓದಿರಬೇಕು?”

“ಓದಿನ ಮಾತಿಲ್ಲ. ಮುಚ್ಚಿದ ಹಗೇವು ಮುಚ್ಚಿದಂಗ ಇರೂದನ್ನ ನೋಡ್ಕೊಂಡ್ರ ಸಾಕು.”

“ಹಂಗಾರ ನಿಮ್ಮ ಕಾಕಾನ್ನ ತಗೋ. ಸರಿಯಾಗಿ ಕಾಯ್ತಾರೋ ಇಲ್ಲೋ ನಾ ನೋಡ್ಕೋತೀನಿ.”

“ನಾ ಕಾಯಬೇಕಾದ್ದ ನಿನ್ನನ್ನ, ಲೇ!” ಎಂದರು ಕಾಕಾ.

ಆ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳುವುದೆಂದು ಅವತ್ತು ತೀರ್ಮಾನವಾಗಲಿಲ್ಲ. ದಂಟು ಹೊರೆಗಟ್ಟಿ ತರಲು ಮೂವರೂ ಹಿತ್ತಲಿನ ಬಣವೆಯ ಕಡೆ ಹೋದೆವು.